ಪೌಷ್ಟಿಕ ಆಹಾರ: ಓದಿ ಕಲಿಯಬೇಕಾದ ವಿದ್ಯೆ

‘ಅಡುಗೆ ಕಲಿಯುವುದಕ್ಕೂ ಕಾಲೇಜು ಬೇಕೇ ಡಾಕ್ಟರೇ?’ ಪಿಯುಸಿ ಮುಗಿಸಿದ ಮಗಳು ಪೋಷಣಾ ವಿಜ್ಞಾನ ಓದುತ್ತೇನೆಂದು ಹಟ ಹಿಡಿದಾಗ ಅನೇಕ ತಂದೆ-ತಾಯಿಯರು ಕೇಳುವ ಪ್ರಶ್ನೆ ಇದು. ಮೆಡಿಕಲ್ ಸೀಟು ಸಿಗದವರು ಸೇರುವ ಕೋರ್ಸು ಎಂಬ ಭಾವನೆಯೂ ಕೆಲವರಲ್ಲಿದೆ. ಎರಡೂ ತಪ್ಪು ತಿಳಿವಳಿಕೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆರು ತಿಂಗಳಿಂದ ಐದು ವರ್ಷದವರೆಗಿನ ನೂರು ಮಕ್ಕಳಲ್ಲಿ 65ಕ್ಕೂ ಹೆಚ್ಚು ಮಂದಿಗೆ, 15ರಿಂದ 49 ವರ್ಷದ ನೂರು ಮಹಿಳೆಯರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ನಮ್ಮಂಥ ವೈದ್ಯರು ಕಬ್ಬಿಣದ ಮಾತ್ರೆ ಬರೆದುಕೊಡಬಹುದು. ಆದರೆ ಒಂದು ಊರಿನ ಅರ್ಧದಷ್ಟು ಹೆಂಗಸರಿಗೆ ರಕ್ತ ಏಕೆ ಕಡಿಮೆ? ಊಟದಲ್ಲಿ ಕಬ್ಬಿಣ ಸಾಲದೇ, ಊಟದ ಜತೆಗೇ ಕುಡಿಯುವ ಚಹಾ ಅದನ್ನು ಹೀರಲು ಬಿಡುತ್ತಿಲ್ಲವೇ, ಕೊಕ್ಕೆಹುಳುವಿನ ಕಾಟವೇ? ಇದನ್ನು ಪತ್ತೆ ಮಾಡಲು ಬೇರೆಯೇ ತರಬೇತಿ ಬೇಕು.

ಜೋಳ ಹೇಳಿಕೊಟ್ಟ ಪಾಠ

1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯರು ಒಂದೇ ಕೋಣೆಯ ಪ್ರಯೋಗಾಲಯದಲ್ಲಿ ಬೆರಿಬೆರಿ ರೋಗದ ಅಧ್ಯಯನ ಆರಂಭಿಸಿದರು. ಅದೇ ಸಂಸ್ಥೆ 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂಬ ಹೆಸರು ಪಡೆಯಿತು.

ಅಲ್ಲಿನ ವಿಜ್ಞಾನಿಗಳ ಮುಂದೆ ಒಂದು ಒಗಟು ಇತ್ತು. ಪೆಲಾಗ್ರ ಎಂಬ ರೋಗದಲ್ಲಿ ಬಿಸಿಲು ಬೀಳುವ ಜಾಗದ ಚರ್ಮ ಕಪ್ಪಾಗಿ ಸುಲಿಯುತ್ತದೆ, ಭೇದಿಯಾಗುತ್ತದೆ, ಬುದ್ಧಿ ಮಂಕಾಗುತ್ತದೆ. ಇದು ಮೆಕ್ಕೆಜೋಳವನ್ನೇ ನೆಚ್ಚಿದವರ ರೋಗವೆಂದು ಜಗತ್ತು ನಂಬಿತ್ತು. ದಖ್ಖಣದಲ್ಲಿ ಬಿಳಿಜೋಳ ಉಣ್ಣುವ ಬಡವರಿಗೂ ಅದು ಬರುತ್ತಿತ್ತು! 1960ರಲ್ಲಿ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಾಂತಯ್ಯ ಅವರು ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಮೈನೊ ಆಮ್ಲದತ್ತ ಬೆರಳು ತೋರಿದರು. ಈ ವಿವರಣೆಯ ಬಗ್ಗೆ ಮುಂದೆ ವಿಜ್ಞಾನಿಗಳಲ್ಲಿ ಚರ್ಚೆಯೂ ನಡೆಯಿತು. ಉತ್ತರ ಕರ್ನಾಟಕದ ಓದುಗರು ಗಾಬರಿಯಾಗಬೇಕಿಲ್ಲ. ಬರೀ ರೊಟ್ಟಿಯಿಂದ ಹೊಟ್ಟೆ ತುಂಬಿಸಿಕೊಳ್ಳಬೇಕಾದವರ ಕಷ್ಟವದು. ರೊಟ್ಟಿಯ ಜತೆ ಬೇಳೆ, ಶೇಂಗಾ ಚಟ್ನಿ, ಸೊಪ್ಪು, ಮೊಸರು ಇದ್ದರೆ ಜೋಳ ಉತ್ತಮ ಆಹಾರವೇ. ರೋಗದ ಮೂಲ ತಟ್ಟೆಯಲ್ಲೂ ಇರಬಹುದು, ಬಡತನದಲ್ಲೂ ಇರಬಹುದು. ಎರಡನ್ನೂ ನೋಡಬಲ್ಲವರು ಬೇಕು.

ಏನು ಕಲಿಸುತ್ತಾರೆ?

ಅಡುಗೆ ಇಲ್ಲಿ ಒಂದು ಸಣ್ಣ ಭಾಗ ಮಾತ್ರ. ಜೀವರಸಾಯನಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಆಹಾರದ ಸೂಕ್ಷ್ಮಜೀವಿಗಳು, ಸಂಖ್ಯಾಶಾಸ್ತ್ರ, ರೋಗ ಹರಡುವ ಬಗೆ ಮುಂತಾದವನ್ನು ಓದಬೇಕು. ನಿನ್ನೆ ಬೆಳಿಗ್ಗೆಯಿಂದ ಇಂದಿನವರೆಗೆ ತಿಂದದ್ದನ್ನು ಕೇಳಿ ಬರೆದುಕೊಳ್ಳುವುದಕ್ಕೂ ಒಂದು ಪದ್ಧತಿಯಿದೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ಒಂದು ಟೇಪು ಮಗುವಿನ ಜೀವ ಉಳಿಸಬಲ್ಲದು, ಅಳೆಯುವ ಕೈ ಪಳಗಿರಬೇಕಷ್ಟೆ. 1975ರ ಅಕ್ಟೋಬರ್ 2ರಂದು ನಮ್ಮ ರಾಜ್ಯದ ಟಿ. ನರಸೀಪುರದಲ್ಲಿ ಆರಂಭವಾದ ಅಂಗನವಾಡಿ ಯೋಜನೆ ಇಂದು ಹಳ್ಳಿಹಳ್ಳಿಗೂ ತಲುಪಿದೆ. ಅಲ್ಲಿ ಕೊಡುವ ಆಹಾರ ಮಗುವಿನ ಮೈಗೆ ಹತ್ತುತ್ತಿದೆಯೇ ಎಂದು ಅಳೆದು ಹೇಳುವವರು ಇದೇ ವಿದ್ಯೆ ಕಲಿತವರು.

ಎಲ್ಲಿ, ಹೇಗೆ?

ಪಿಯುಸಿಯಲ್ಲಿ ವಿಜ್ಞಾನ ಓದಿದ್ದರೆ ದಾರಿ ಸುಲಭ. ಮೊದಲು ಆಹಾರ ಮತ್ತು ಪೋಷಣಾ ವಿಜ್ಞಾನದಲ್ಲಿ ಪದವಿ, ಬಳಿಕ ಎರಡು ವರ್ಷದ ಎಂ.ಎಸ್ಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಈ ವಿಷಯಕ್ಕೆಂದೇ ವಿಭಾಗವಿದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲೂ ಅವಕಾಶವಿದೆ. ಹೈದರಾಬಾದಿನ ಸಂಸ್ಥೆಯಲ್ಲಿ ಪ್ರವೇಶ ಪರೀಕ್ಷೆ ಬರೆದು ಅನ್ವಯಿಕ ಪೋಷಣೆಯ ಎಂ.ಎಸ್ಸಿ. ಓದಬಹುದು. ಸಂಶೋಧನೆಯ ಆಸಕ್ತಿಯಿದ್ದರೆ ಮುಂದೆ ಪಿಎಚ್‌.ಡಿ. ಇಡೀ ಸಮುದಾಯದ ಆರೋಗ್ಯದತ್ತ ಒಲವಿರುವವರಿಗೆ ಎಂ.ಪಿ.ಎಚ್. ಇದೆ, ಇದಕ್ಕೆ ಡಾಕ್ಟರೇ ಆಗಿರಬೇಕೆಂಬ ನಿಯಮ ಅನೇಕ ಕಡೆ ಇಲ್ಲ. ಗಂಡುಮಕ್ಕಳಿಗೂ ಇದು ಅಷ್ಟೇ ಸೂಕ್ತವಾದ ಓದು.

ಎಚ್ಚರವಿರಲಿ

ಕೆಲವೇ ವಾರಗಳಲ್ಲಿ ‘ನ್ಯೂಟ್ರಿಷನಿಸ್ಟ್’ ಮಾಡುತ್ತೇವೆನ್ನುವ ಜಾಹೀರಾತುಗಳು ಈಗ ಹೇರಳ. ಅರೆಬರೆ ಕಲಿತವರ ಸಲಹೆ ಪ್ರಾಣಕ್ಕೇ ಎರವಾಗಬಹುದು. ಎಳನೀರು, ಬಾಳೆಹಣ್ಣು ಆರೋಗ್ಯವಂತರಿಗೆ ಒಳ್ಳೆಯದೇ. ಆದರೆ ಮೂತ್ರಪಿಂಡ ಸೋತವರಲ್ಲಿ ಅವುಗಳ ಪೊಟ್ಯಾಸಿಯಂ ರಕ್ತದಲ್ಲಿ ಶೇಖರವಾಗಿ ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ‘ಊಟ ಬಿಡಿ’ ಎಂದರೆ ಸಕ್ಕರೆ ಪಾತಾಳಕ್ಕಿಳಿದು ಪ್ರಜ್ಞೆ ತಪ್ಪಬಹುದು.

ಆದ್ದರಿಂದ ಸೇರುವ ಮುನ್ನ ವಿಶ್ವವಿದ್ಯಾಲಯಕ್ಕೆ ಯುಜಿಸಿ ಮಾನ್ಯತೆ ಇದೆಯೇ, ಪ್ರಯೋಗಾಲಯ, ಆಸ್ಪತ್ರೆ ಮತ್ತು ಹಳ್ಳಿಗಳಲ್ಲಿ ಅಭ್ಯಾಸವಿದೆಯೇ ಎಂದು ವಿಚಾರಿಸಿ. ಆಹಾರ-ಪೋಷಣೆಯ ಕೋರ್ಸುಗಳನ್ನು ಅಂಚೆ ಅಥವಾ ಆನ್‌ಲೈನ್ ಮೂಲಕ ನಡೆಸಕೂಡದೆಂದು 2025ರಲ್ಲಿ ಯುಜಿಸಿ ಸೂಚಿಸಿದೆ. 2021ರ ಕೇಂದ್ರ ಕಾಯಿದೆಯೊಂದು ಆಹಾರತಜ್ಞರನ್ನು ಆರೋಗ್ಯ ವೃತ್ತಿಯವರ ಪಟ್ಟಿಗೆ ಸೇರಿಸಿದೆ.

ರೋಗ ಬಂದ ಮೇಲೆ ಮದ್ದು ಕೊಡಲು ನಾವಿದ್ದೇವೆ. ಬಾರದಂತೆ ತಡೆಯುವ ವಿದ್ಯೆಯನ್ನು ನಿಮ್ಮ ಮಕ್ಕಳು ಕಲಿಯಬೇಕೆಂದರೆ ದಯವಿಟ್ಟು ಅಡ್ಡಿ ಮಾಡಬೇಡಿ.