ಬೆವರಿಗೂ ಬೇಕು ಒಂದು ಅಳತೆ
1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದಾಗ ಬೆವರು ದುಡಿಮೆಯ ಭಾಗವೇ ಆಗಿತ್ತು. ಅದಕ್ಕೆಂದು ಹೊತ್ತು ಮೀಸಲಿಡಬೇಕಿರಲಿಲ್ಲ. ಇಂದು ಕುರ್ಚಿಯ ಕೆಲಸಕ್ಕೆ ಒಗ್ಗಿದ ಮಧ್ಯಮವರ್ಗ ಶಿವಮೊಗ್ಗದ ನೆಹರೂ ಕ್ರೀಡಾಂಗಣದಲ್ಲಿ ಮುಂಜಾನೆ ಅದೇ ಬೆವರನ್ನು ಅರಸಬೇಕಾಗಿದೆ. ಆದರೆ ವ್ಯಾಯಾಮ ಎಷ್ಟು ಬಿರುಸಾಗಿರಬೇಕು?

ನಿಧಾನದ ನಡಿಗೆಯಲ್ಲಿ ಸ್ನಾಯುಗಳು ಹೆಚ್ಚಾಗಿ ಕೊಬ್ಬನ್ನು ಬಳಸುತ್ತವೆ. ಬಿರುಸು ಏರಿದಂತೆ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಮುಖ್ಯ ಇಂಧನವಾಗುತ್ತದೆ. ದುಡಿಯುವ ಸ್ನಾಯು ಇನ್ಸುಲಿನ್‌ ನೆರವಿಲ್ಲದೆಯೂ ರಕ್ತದ ಸಕ್ಕರೆಯನ್ನು ಹೀರಬಲ್ಲದು. ಮಧುಮೇಹಿಗಳಿಗೆ ವೈದ್ಯರು ನಡಿಗೆಯನ್ನು ವಿಧಿಸುವುದಕ್ಕೆ ಇದೂ ಒಂದು ಕಾರಣ.

ರೋಗನಿರೋಧಕ ಕಣಗಳ ಕಥೆ ಇನ್ನೂ ಕುತೂಹಲಕರ. ವ್ಯಾಯಾಮದ ವೇಳೆ ಅಡ್ರಿನಲಿನ್ ಪ್ರಭಾವದಿಂದ, ವೈರಾಣು ಹೊಕ್ಕ ಜೀವಕೋಶಗಳನ್ನು ಕೊಲ್ಲಬಲ್ಲ ಬಿಳಿ ರಕ್ತಕಣಗಳು ಭಾರಿ ಸಂಖ್ಯೆಯಲ್ಲಿ ರಕ್ತಕ್ಕೆ ಬರುತ್ತವೆ. ಬಿರುಸಾದ ವ್ಯಾಯಾಮ ಮುಗಿದ ಒಂದೆರಡು ಗಂಟೆಗಳಲ್ಲಿ ಆ ಸಂಖ್ಯೆ ಮೊದಲಿಗಿಂತಲೂ ಕೆಳಗಿಳಿಯುತ್ತದೆ. ದೇಹದ ರಕ್ಷಣೆಯೇ ಕುಸಿಯಿತೆಂದು ಬಹುಕಾಲ ಇದನ್ನು ಅರ್ಥೈಸಲಾಗಿತ್ತು. ಆದರೆ ಅವುಗಳಲ್ಲಿ ಬಹುಪಾಲು ಸಾಯುವುದಿಲ್ಲ, ಶ್ವಾಸಕೋಶ, ಕರುಳುಗಳತ್ತ ಕಾವಲಿಗೆ ಹೊರಡುತ್ತವೆ ಎಂಬ ವಿವರಣೆ ಈಚಿನ ವರ್ಷಗಳಲ್ಲಿ ಬಲ ಪಡೆದಿದೆ.

ಹಾಗೆಂದು ವಾರವಿಡೀ ಕುಳಿತಿದ್ದು ಭಾನುವಾರ ಏಕಾಏಕಿ ಏದುಸಿರಿನ ಓಟಕ್ಕಿಳಿಯುವುದು ವಿವೇಕವಲ್ಲ. ಅಭ್ಯಾಸವಿಲ್ಲದ ಹೃದಯಕ್ಕೆ ಅದು ಅಪಾಯಕಾರಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಸೂಚಿಸಿದ್ದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ವ್ಯಾಯಾಮ, ಇಲ್ಲವೇ 75ರಿಂದ 150 ನಿಮಿಷಗಳ ಬಿರುಸಿನ ವ್ಯಾಯಾಮ. ಅಳೆಯಲು ಯಂತ್ರ ಬೇಕಿಲ್ಲ: ನಡೆಯುತ್ತ ಮಾತನಾಡಬಹುದು, ಹಾಡಲಾಗದು ಎಂದಾದರೆ ಅದೇ ಮಧ್ಯಮ. ಕಾವು ಹಂತಹಂತವಾಗಿ ಏರಬೇಕೆಂಬುದು ಕುಲುಮೆಯ ಊರಿಗೆ ಹೊಸ ಪಾಠವೇನಲ್ಲ.