ನಿಮಗಿದು ಗೊತ್ತೆ? ಗುಜರಿ ಟ್ರಾನ್ಸ್‌ಫಾರ್ಮರ್ ಬೇಲಿಗೆ ಒಗ್ಗದು
ಶಿಕಾರಿಪುರ ತಾಲ್ಲೂಕಿನ ಉಡುತಡಿ ಕಡೆಯ ಮೆಕ್ಕೆಜೋಳದ ಹೊಲಕ್ಕೆ ಹಂದಿ ನುಗ್ಗದಂತೆ ಹಾಕುವ ಸೋಲಾರ್ ಬೇಲಿಯಲ್ಲಿ ಸಾವಿರಾರು ವೋಲ್ಟ್ ಇದ್ದರೂ ಮುಟ್ಟಿದವರು ಬೆಚ್ಚಿ ಕೈ ಎಳೆದುಕೊಳ್ಳುತ್ತಾರೆ, ಅಷ್ಟೆ. ಮನೆಯ 230 ವೋಲ್ಟ್ ಕೊಲ್ಲಬಲ್ಲದು. ಲೆಕ್ಕಕ್ಕೆ ಬರುವುದು ಮೈಯೊಳಗೆ ಎಷ್ಟು ಕರೆಂಟು, ಎಷ್ಟು ಹೊತ್ತು ಹರಿಯಿತೆಂಬುದು. ಬೇಲಿಯ ಯಂತ್ರ ಸೆಕೆಂಡಿಗೊಮ್ಮೆ, ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಮುಗಿಯುವ ಒಂದು ಹೊಡೆತ ಕೊಟ್ಟು ಸುಮ್ಮನಾಗುತ್ತದೆ.

ಹಾಗಾದರೆ ಗುಜರಿಯ ಟ್ರಾನ್ಸ್‌ಫಾರ್ಮರಿನಿಂದಲೇ ಕರೆಂಟು ತಗ್ಗಿಸಬಹುದಲ್ಲ? ನಿಯಾನ್ ಬೋರ್ಡಿನದು ಕಾಂತಹರಿವನ್ನು ಬೇಕೆಂದೇ ಸೋರಗೊಟ್ಟು ಸುಮಾರು 30 ಮಿಲಿಆಂಪಿಯರ್‌ಗೆ ಕಟ್ಟಿಹಾಕುತ್ತದೆ, ನಿಜ. ಆದರೆ ಆ ಮಿತಿ ಇರುವುದು ದೀಪ ಸುಡದಿರಲೆಂದು, ಮನುಷ್ಯ ಉಳಿಯಲೆಂದಲ್ಲ. ಕರೆಂಟು ಬಿಡುವಿಲ್ಲದೆ ಹರಿದರೆ ಹಿಡಿದ ಕೈ ಬಿಡಿಸಿಕೊಳ್ಳಲಾಗದು, ಉಸಿರು ಕಟ್ಟಬಹುದು. ಮೈಕ್ರೋವೇವ್ ಒಲೆಯದಂತೂ 2,000 ವೋಲ್ಟಿನ ಆಸುಪಾಸಿನಲ್ಲಿ ಅರ್ಧ ಆಂಪಿಯರ್ ದೂಡಬಲ್ಲದು. ಹೊಲಕ್ಕಿರಲಿ, ಹವ್ಯಾಸಿಯ ಮೇಜಿಗೂ ಅದು ಬೇಡ.