ತಲೆ ಯಾವ ಕಡೆ, ಉದರ ಯಾವ ಕಡೆ?

ಕಳಿತ ಬಾಳೆಯ ಹಣ್ಣಿನ ಮೇಲೆ ಸುಳಿದಾಡುವ ಕಿರುನೊಣವನ್ನು ವಾಚಕರೆಲ್ಲರೂ ಬಲ್ಲರು. ಅದರ ತತ್ತಿಯ ಉದ್ದ ಸುಮಾರು ಅರ್ಧ ಮಿಲಿಮೀಟರು. ಅದರ ಯಾವ ತುದಿಯಲ್ಲಿ ತಲೆ ಮೂಡಬೇಕು, ಯಾವ ತುದಿಯಲ್ಲಿ ಉದರ ಬೆಳೆಯಬೇಕು ಎಂಬುದು ತಾಯಿಯ ಅಂಡಾಶಯದಲ್ಲಿಯೇ ನಿರ್ಧಾರವಾಗಿ ಹೋಗಿರುತ್ತದೆ. ಇದು ಜೀವವಿಜ್ಞಾನಿಗಳ ಪ್ರಶ್ನೆಯೇನೋ ಅಹುದು. ಆದರೆ ಅದರ ಉತ್ತರದಲ್ಲಿ ಭೌತವಿಜ್ಞಾನವನ್ನು ಬೋಧಿಸುವ ನಮ್ಮನ್ನು ಸೆಳೆಯುವ ಅಂಶವೊಂದುಂಟು.

ಮೊದಲಿಗೆ ಒಂದು ಜೀವಕೋಶವು ನಾಲ್ಕು ಬಾರಿ ವಿಭಜನೆಗೊಂಡು 16 ಆಗುತ್ತದೆ. ಇವುಗಳಲ್ಲಿ ಅಂಡವಾಗುವುದು ಒಂದೇ ಒಂದು. ಉಳಿದ 15 ದಾದಿಯರಂತೆ ಅದಕ್ಕೆ ಪೋಷಕದ್ರವ್ಯಗಳನ್ನೂ ಆರ್‌ಎನ್‌ಎ ಎಂಬ ಆದೇಶಪತ್ರಗಳನ್ನೂ ಒದಗಿಸುತ್ತವೆ. 'ಬೈಕಾಯ್ಡ್' ಎಂಬ ಆದೇಶವು ಅಂಡದ ಮುಂತುದಿಯಲ್ಲಿಯೂ 'ಆಸ್ಕರ್' ಎಂಬುದು ಹಿಂತುದಿಯಲ್ಲಿಯೂ ನೆಲೆಸತಕ್ಕದ್ದು. ಆಸ್ಕರ್ ಕೆಟ್ಟಿರುವ ತಾಯಿಯ ತತ್ತಿಗಳಲ್ಲಿ ಉದರವೇ ಇಲ್ಲದ ಭ್ರೂಣಗಳು ಬೆಳೆದು ಸಾಯುತ್ತವೆ.

ಈ ಸಾಗಣೆಗೆ ಹಳಿಗಳಾಗಿರುವುವು ಸೂಕ್ಷ್ಮನಾಳಗಳು. ಟ್ಯೂಬುಲಿನ್ ಎಂಬ ಪ್ರೋಟೀನಿನ ಅಣುಗಳು ಒಂದಕ್ಕೊಂದು ಕೂಡಿ ಆದ ಪೊಳ್ಳು ಕೊಳವೆಗಳಿವು. ವ್ಯಾಸ ಸುಮಾರು 25 ನ್ಯಾನೋಮೀಟರು. ಇವು ಬೆಳೆಯುತ್ತಿದ್ದಂತೆಯೇ ಥಟ್ಟನೆ ಕುಸಿಯುತ್ತವೆ, ಮತ್ತೆ ಬೆಳೆಯುತ್ತವೆ. ಈ ಸ್ವಭಾವವನ್ನು 1984ರಲ್ಲಿ ಮಿಚಿಸನ್ ಮತ್ತು ಕಿರ್ಶ್ನರ್ ಬೆಳಕಿಗೆ ತಂದರು. ನಾಳದ ಎರಡು ತುದಿಗಳಿಗೆ ಧನ, ಋಣ ಎಂದು ಹೆಸರು. (ನಮ್ಮ ವಿದ್ಯಾರ್ಥಿಗಳು ಇದನ್ನು ವಿದ್ಯುದಂಶವೆಂದು ಭ್ರಮಿಸಬಾರದು, ಚುರುಕಾಗಿ ಬೆಳೆಯುವುದು ಧನ ತುದಿ, ಅಷ್ಟೆ.)

ಹೀಗೆ ಅಸ್ಥಿರವಾದ ಹಳಿಗಳಿಗೆ ದಿಕ್ಕನ್ನು ಕೊಡುವವರು ಯಾರು? ಪ್ಯಾಟ್ರೋನಿನ್ ಎಂಬ ಪ್ರೋಟೀನು ಋಣ ತುದಿಗೆ ಅಂಟಿಕೊಂಡು ಅದು ಸವೆಯದಂತೆ ಕಾಯುತ್ತದೆ. ಶಾಟ್ ಎಂಬ ಇನ್ನೊಂದು ಪ್ರೋಟೀನು ಪ್ಯಾಟ್ರೋನಿನ್ನನ್ನು ಅಂಡದ ಒಳಅಂಚಿಗೆ ಬಂಧಿಸುತ್ತದೆ. ಹಿಂತುದಿಯಲ್ಲಿ ಮಾತ್ರ ಪಾರ್-1 ಎಂಬ ಕಿಣ್ವವು ಶಾಟನ್ನು ಹತ್ತಿರಕ್ಕೆ ಸೇರಿಸದು. ಇದನ್ನು 2016ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ತೋರಿಸಿಕೊಟ್ಟರು. ಆದ್ದರಿಂದ ನಾಳಗಳು ಮುಂತುದಿಯಿಂದಲೂ ಪಕ್ಕಗಳಿಂದಲೂ ಹೊರಡುತ್ತವೆಯೇ ಹೊರತು ಹಿಂತುದಿಯಿಂದ ಹೊರಡವು. ಪಾರ್-1 ಕೆಟ್ಟರೆ ಆಸ್ಕರ್ ಅಂಡದ ನಡುವೆಯೇ ಗುಂಪುಗೂಡುತ್ತದೆ.

ಆಸ್ಕರನ್ನು ಹೊತ್ತು ಧನ ತುದಿಯ ಕಡೆಗೆ ನಡೆಯುವ ಹಮಾಲಿ ಕೈನೆಸಿನ್. ಆದರೆ ಹಳಿಗಳೆಲ್ಲವೂ ನೇರವಾಗಿ ಹಿಂದಕ್ಕೇ ಚಾಚಿರುವುವೆಂದು ಎಣಿಸಿದರೆ ತಪ್ಪಾದೀತು. 2008ರಲ್ಲಿ ಚಲನೆಗಳನ್ನು ಅಳೆದಾಗ ಕಂಡುದು ಇಷ್ಟೇ: ನೂರರಲ್ಲಿ ಸುಮಾರು 57 ಹಿಂದಕ್ಕೆ, 43 ಮುಂದಕ್ಕೆ! ಕುಡುಕನ ನಡಿಗೆಯೆಂದು ನಾವು ತರಗತಿಯಲ್ಲಿ ವಿವರಿಸುವ ಯಾದೃಚ್ಛಿಕ ಚಲನೆಯೇ ಇದು. ಅಲ್ಪ ಪಕ್ಷಪಾತವೊಂದು ಮಾತ್ರ ಹೆಚ್ಚು. ಹೆಜ್ಜೆಗಳೆಲ್ಲ ಸಮವೆಂದು ಭಾವಿಸಿ ಲೆಕ್ಕ ಹಾಕೋಣ. ನೂರು ಹೆಜ್ಜೆಗಳಲ್ಲಿ ಸರಾಸರಿ ಮುನ್ನಡೆ 14, ಅತ್ತಿತ್ತಲ ಚೆದರಿಕೆ ಸುಮಾರು 10; ಗುರಿ ಇನ್ನೂ ಸಂದೇಹಾಸ್ಪದ. ಹತ್ತು ಸಾವಿರ ಹೆಜ್ಜೆಗಳಲ್ಲಿ ಮುನ್ನಡೆ 1,400, ಚೆದರಿಕೆ 100 ಮಾತ್ರ. ಮುನ್ನಡೆಯು ಹೆಜ್ಜೆಗಳ ಸಂಖ್ಯೆಯಂತೆ ಬೆಳೆದರೆ ಚೆದರಿಕೆಯು ಅದರ ವರ್ಗಮೂಲದಂತೆ ಬೆಳೆಯುವುದೇ ಇದಕ್ಕೆ ಕಾರಣ. ಅಂಡಕ್ಕೆ ಬೇಕಾದುದು ನೇರ ಹಾದಿಯಲ್ಲ, ಸಾಕಷ್ಟು ಕಾಲ.

ದಾರಿಯುದ್ದಕ್ಕೂ ಬ್ರೂನೋ ಎಂಬ ಪ್ರೋಟೀನು ಆದೇಶಪತ್ರವನ್ನು ಮುಚ್ಚಿಯೇ ಇಟ್ಟಿರುತ್ತದೆ. ಹಿಂತುದಿಯನ್ನು ಮುಟ್ಟಿದ ಮೇಲೆಯೇ ಅದನ್ನು ಒಡೆದು ಓದುವುದು.